ಮುಯ್ಯಿಗೆ ಮುಯ್ಯಿ

ಮುಯ್ಯಿ ಎನ್ನುವ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಹೋದಾಗ ನಾವು ಕೊಟ್ಟುಬರುವ ಉಡುಗೊರೆ ಮುಯ್ಯಿ. ಯಾರೋ ಮಾಡಿದ ಕೇಡಿಗೆ ಪ್ರತಿಯಾಗಿ ನಾವೂ ಕೇಡು ಮಾಡಿದರೆ ಅದೂ ಮುಯ್ಯಿ ತೀರಿಸಿಕೊಂಡ ಹಾಗೆ. ಪ್ರೀತಿಗೂ ಹಗೆಗೂ ಒಂದೇ ಮಾತನ್ನು ಬಳಸಿದ ಹಿರಿಯರು ಲೋಕವನ್ನು ಚೆನ್ನಾಗಿ ಕಂಡವರೇ ಇರಬೇಕು. ಎರಡರಲ್ಲೂ ಲೆಕ್ಕವಿದೆ. ಬಂದದ್ದನ್ನು ಅಷ್ಟೇ ತೂಕಕ್ಕೆ ಹಿಂದಿರುಗಿಸದೇ ಹೋದರೆ ಎರಡರಲ್ಲೂ ಮನಸ್ಸಿಗೆ ಸಮಾಧಾನವಿಲ್ಲ.

ಹಿಂದೆ ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವುದಕ್ಕೆಂದೇ ಒಬ್ಬರು ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ಇಂಥವರು ನೂರ ಒಂದು ರೂಪಾಯಿ, ಇಂಥವರು ಒಂದು ಸ್ಟೀಲಿನ ಕೊಳಗ, ಇಂಥವರು ರವಿಕೆ ಕಣ. ಮದುವೆ ಮುಗಿದು ಬೀಗರು ಹೊರಟಮೇಲೆ ಆ ನೋಟುಬುಕ್ಕು ಟ್ರಂಕಿನ ತಳ ಸೇರುತ್ತಿತ್ತು. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಅದನ್ನು ತೆಗೆದು ನೋಡಿ, ಅಷ್ಟೇ, ಇಲ್ಲವೆ ಒಂದು ಕೈ ಮೇಲೆ ಕೊಟ್ಟುಬರುವುದು. ಕಡಿಮೆ ಕೊಟ್ಟರೆ ಮಾತು ಬರುತ್ತದೆ.

ದೇಶಗಳೂ ಇಂಥದ್ದೊಂದು ನೋಟುಬುಕ್ಕು ಇಟ್ಟುಕೊಂಡಿರುತ್ತವೆ. ಪೇಪರಿನಲ್ಲಿ ಒಂದು ದಿನ ಬರುತ್ತದೆ: ಇಂಥ ದೇಶ ತನ್ನಲ್ಲಿದ್ದ ಇಂಥ ದೇಶದ ಆರು ಜನ ರಾಜತಂತ್ರಜ್ಞರನ್ನು ಹೊರಹಾಕಿತು. ಮರುದಿನದ ಸುದ್ದಿಯನ್ನು ಓದುವ ಅಗತ್ಯವೇ ಇಲ್ಲ. ಆ ದೇಶವೂ ಈ ದೇಶದ ಆರು ಜನರನ್ನು ಹೊರಹಾಕಿರುತ್ತದೆ. ಐದೂ ಅಲ್ಲ, ಏಳೂ ಅಲ್ಲ. ಇದು ದೊಡ್ಡವರ ವ್ಯವಹಾರ, ನಮಗೇನು ಎಂದು ನಾವು ಪುಟ ತಿರುಗಿಸಿ ಚಿನ್ನದ ಬೆಲೆ ನೋಡುತ್ತೇವೆ. ಆದರೆ ಈ ವ್ಯವಹಾರ ನಮ್ಮ ಅಡುಗೆಮನೆಯವರೆಗೂ, ಬಾಣಂತಿಯ ಕೋಣೆಯವರೆಗೂ ಬರುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇದರ ಕಾನೂನು ಏನು ನೋಡೋಣ. 1961ರಲ್ಲಿ ವಿಯೆನ್ನಾದಲ್ಲಿ ದೇಶಗಳೆಲ್ಲ ಸೇರಿ ರಾಜತಾಂತ್ರಿಕ ಸಂಬಂಧಗಳ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ರಾಯಭಾರಿಯನ್ನು ಬಂಧಿಸುವಂತಿಲ್ಲ. ಅವನ ಕಚೇರಿಯ ಹೊಸ್ತಿಲನ್ನು ಅಪ್ಪಣೆಯಿಲ್ಲದೆ ಪೊಲೀಸರೂ ದಾಟುವಂತಿಲ್ಲ. ಅವನು ತಪ್ಪು ಮಾಡಿದನೆಂದು ತೋರಿದರೆ ಅವನಿರುವ ದೇಶಕ್ಕೆ ಉಳಿದಿರುವುದು ಒಂದೇ ಅಸ್ತ್ರ: ‘ನೀನು ನಮಗೆ ಬೇಡ, ಹೊರಡು’ ಎನ್ನುವುದು. ಒಂಬತ್ತನೆಯ ವಿಧಿಯಲ್ಲಿ ಇದಕ್ಕೆ ‘ಪರ್ಸೋನಾ ನಾನ್ ಗ್ರಾಟಾ’ ಎಂಬ ಲ್ಯಾಟಿನ್ ಹೆಸರಿದೆ. ಒಲ್ಲದ ವ್ಯಕ್ತಿ ಎಂದರ್ಥ. ಯಾಕೆ ಒಲ್ಲೆ ಎಂದು ಹೇಳಬೇಕಾಗಿಯೂ ಇಲ್ಲ. ನಮ್ಮಲ್ಲಿ ಕೆಲಸದವಳನ್ನು ಬಿಡಿಸುವಾಗಲಾದರೂ ಒಂದು ಕಾರಣ ಹುಡುಕಿ ಹೇಳುತ್ತೇವೆ. ಇಲ್ಲಿ ಅದೂ ಬೇಕಿಲ್ಲ.

ನಮ್ಮ ಪೇಪರುಗಳು ಇದಕ್ಕೆ ‘ಉಚ್ಚಾಟನೆ’ ಎಂಬ ಮಾತನ್ನು ಬಳಸುತ್ತವೆ. ದೆವ್ವ ಬಿಡಿಸುವುದಕ್ಕೂ ಅದೇ ಮಾತು. ಒಮ್ಮೊಮ್ಮೆ ಅದು ಸರಿಯೇ ಅನ್ನಿಸುತ್ತದೆ. ರಾಯಭಾರ ಕಚೇರಿಯಲ್ಲಿ ಕೂತು ಬೇಹುಗಾರಿಕೆ ಮಾಡುವವರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ದೂತನಿಗೆ ಕೈಹಾಕಬಾರದು ಎಂಬ ಧರ್ಮ ವಿಯೆನ್ನಾಕ್ಕಿಂತ ಬಹಳ ಹಳೆಯದು. ರಾವಣನು ಹನುಮಂತನನ್ನು ಕೊಲ್ಲಲು ಹೊರಟಾಗ ವಿಭೀಷಣ ಅಡ್ಡ ಬಂದು, ದೂತನನ್ನು ಕೊಲ್ಲುವುದು ಧರ್ಮವಲ್ಲ ಎಂದ. ಕೊಲ್ಲಲಿಲ್ಲ, ಬಾಲಕ್ಕೆ ಬೆಂಕಿ ಇಟ್ಟರು. ಸುಟ್ಟದ್ದು ಯಾರ ಮನೆ ಎಂಬುದು ಎಲ್ಲರಿಗೂ ಗೊತ್ತು. ಲಂಕೆಯ ಆ ಬೀದಿಗಳಲ್ಲಿ ಸೀತೆಯ ಹೆಸರನ್ನೇ ಕೇಳದ ಎಷ್ಟು ಹೆಂಗಸರ ಒಲೆ ಪಾತ್ರೆಗಳಿದ್ದವೋ ಯಾರು ಲೆಕ್ಕ ಇಟ್ಟರು?

ಈ ಮುಯ್ಯಿಯ ಆಟದಲ್ಲಿ ಪಳಗಿದವರು ರಷ್ಯನ್ನರು, ಬ್ರಿಟಿಷರು, ಅಮೆರಿಕನ್ನರು. 1985ರಲ್ಲಿ ಲಂಡನ್ನಿನಲ್ಲಿದ್ದ ಸೋವಿಯತ್ ಗುಪ್ತಚರ ಅಧಿಕಾರಿ ಓಲೆಗ್ ಗೊರ್ಡಿಯೆವ್‌ಸ್ಕಿ ಬಹಳ ವರ್ಷಗಳಿಂದ ಬ್ರಿಟಿಷರ ಪರವಾಗಿ ಕೆಲಸ ಮಾಡುತ್ತಿದ್ದುದು ಬಯಲಾಯಿತು. ಆ ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 25 ಮಂದಿ ಸೋವಿಯತ್ ಜನರನ್ನು ಹೊರಗೆ ಕಳಿಸಿತು. ಎರಡು ದಿನದಲ್ಲಿ ಮಾಸ್ಕೋ 25 ಮಂದಿ ಬ್ರಿಟಿಷರನ್ನು ಕಳಿಸಿತು. ಬ್ರಿಟನ್ ಇನ್ನೂ 6, ಮಾಸ್ಕೋ ಇನ್ನೂ 6. ಒಂದು ವಾರದೊಳಗೆ 31ಕ್ಕೆ 31 ಆಗಿ ಲೆಕ್ಕ ಚುಕ್ತಾ ಆಯಿತು. ಮಾಸ್ಕೋದಿಂದ ಹೊರಟವರಲ್ಲಿ ಪತ್ರಕರ್ತರೂ ವ್ಯಾಪಾರಸ್ಥರೂ ಇದ್ದರು. ಸಂಖ್ಯೆ ತುಂಬಬೇಕಲ್ಲ!

ಆ ಲೆಕ್ಕದಲ್ಲಿ ಸೇರದ ಮೂರು ಜೀವಗಳಿದ್ದವು. ಗೊರ್ಡಿಯೆವ್‌ಸ್ಕಿ ಮಾಸ್ಕೋದಿಂದ ತಪ್ಪಿಸಿಕೊಂಡು ಬ್ರಿಟನ್ ಸೇರಿದಾಗ ಅವನ ಹೆಂಡತಿಗೂ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಗೂ ಅದರ ಸುಳಿವಿರಲಿಲ್ಲ. ಅವರು ಸೋವಿಯತ್ ನಾಡಿನಲ್ಲೇ ಉಳಿದರು. ಮತ್ತೆ ಗಂಡನ ಮುಖ ಕಂಡದ್ದು 1991ರಲ್ಲಿ, ಆರು ವರ್ಷದ ಮೇಲೆ. ಆ ಹೊತ್ತಿಗೆ ಸಂಸಾರದಲ್ಲಿ ಸಂಸಾರ ಎನ್ನುವಂಥದ್ದು ಉಳಿದಿರಲಿಲ್ಲ. ಅವರು ಬೇರೆಯಾದರು. ಈ ಆರು ವರ್ಷಕ್ಕೆ ಪ್ರತಿಯಾಗಿ ಯಾವ ದೇಶ ಏನು ಹಿಂದಿರುಗಿಸಬಲ್ಲದು?

ಮರುವರ್ಷದ ಕಥೆ ಕೇಳಿದರೆ ನಿಮಗೆ ನಗು ಬರಬಹುದು. 1986ರ ಅಕ್ಟೋಬರಿನಲ್ಲಿ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಇದೇ ಜಗಳ. ಸೋವಿಯತ್‌ನವರು ಐವರನ್ನು ಕಳಿಸಿದರು. ಅಮೆರಿಕದವರು 55 ಮಂದಿಯನ್ನು ಕಳಿಸಿದರು. ಆಗ ಮಾಸ್ಕೋ ಹೊಸದೊಂದು ಪಟ್ಟು ಹಾಕಿತು. ಅಮೆರಿಕದ ರಾಯಭಾರ ಕಚೇರಿಯಲ್ಲಿ ಕೆಲಸಕ್ಕಿದ್ದ ಸುಮಾರು 260 ಸೋವಿಯತ್ ನೌಕರರನ್ನು ಒಂದೇ ಏಟಿಗೆ ವಾಪಸು ಕರೆಸಿಕೊಂಡಿತು. ಅಡುಗೆಯವರು, ಡ್ರೈವರುಗಳು, ಕಸ ಗುಡಿಸುವವರು, ಮಕ್ಕಳನ್ನು ನೋಡಿಕೊಳ್ಳುವ ಆಯಾಗಳು, ಎಲ್ಲರೂ ಒಂದೇ ದಿನ ಇಲ್ಲ. ಚಳಿಗಾಲ ಬೇರೆ ಬರುತ್ತಿದೆ. ಅಣ್ವಸ್ತ್ರದ ಕಡತ ಓದುತ್ತಿದ್ದ ದೊಡ್ಡ ದೊಡ್ಡ ಅಧಿಕಾರಿಗಳು ಸರದಿಯ ಮೇಲೆ ಲಾರಿ ಇಳಿಸಿದರು, ಹಿಮ ಗೋರಿದರು, ಕಕ್ಕಸು ತೊಳೆದರು. ಎಲ್ಲ ಕೆಲಸದ ಪಾಳಿ ಎಂದು ಅದಕ್ಕೆ ಹೆಸರನ್ನೂ ಇಟ್ಟುಕೊಂಡರು.

ಕೆಲಸದವಳು ಎರಡು ದಿನ ಬರದಿದ್ದರೆ ಮನೆ ಹೇಗಿರುತ್ತದೆ ಎಂದು ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಜಗತ್ತಿನ ಎರಡು ಮಹಾಶಕ್ತಿಗಳ ಜಗಳ ಕೊನೆಗೆ ಬಂದು ನಿಂತದ್ದು ಮುಸುರೆ ಪಾತ್ರೆಯ ಮುಂದೆ! ಆದರೆ ನಕ್ಕಮೇಲೆ ಇನ್ನೊಂದು ಯೋಚನೆ ಬಂತು. ಆ 260 ಮಂದಿಯ ಮನೆಗಳಲ್ಲೂ ಒಲೆಗಳಿದ್ದವು. ಹೋದದ್ದು ಅವರ ಸಂಬಳವೂ ಹೌದು. 2017ರಲ್ಲಿ ರಷ್ಯಾ ತನ್ನಲ್ಲಿರುವ ಅಮೆರಿಕದ ಕಚೇರಿಗಳಿಂದ 755 ಮಂದಿ ಕಡಿಮೆಯಾಗಬೇಕು, 455 ಮಂದಿ ಮಾತ್ರ ಉಳಿಯಬೇಕು ಎಂದು ಆಜ್ಞೆ ಮಾಡಿತು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ರಷ್ಯನ್ನರೇ. ಬೈಗುಳ ಅಮೆರಿಕಕ್ಕೆ, ಏಟು ಮನೆಯ ಮಕ್ಕಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗೆ. ಜನ ಕಡಿಮೆಯಾಗುತ್ತಾ ಹೋದಂತೆ 2021ರಲ್ಲಿ ಮಾಸ್ಕೋದ ಅಮೆರಿಕನ್ ಕಚೇರಿ ಸಾಮಾನ್ಯ ವೀಸಾ ಕೊಡುವುದನ್ನೇ ನಿಲ್ಲಿಸಿತು. ಅಮೆರಿಕದಲ್ಲಿ ನೆಲೆಸಲು ಹೋಗಬೇಕಾದ ರಷ್ಯನ್ನರು ವೀಸಾಕ್ಕಾಗಿ ಪೋಲೆಂಡಿನ ವಾರ್ಸಾಕ್ಕೆ ಹೋಗಬೇಕಾಯಿತು.

ಹೊರಡು ಎಂದವರಿಗೆ ಕೊಡುವ ಗಡುವು ಎಷ್ಟು ಗೊತ್ತೆ? ಕೆಲವೊಮ್ಮೆ ಒಂದು ವಾರ, ಕೆಲವೊಮ್ಮೆ 72 ಗಂಟೆ, ಕೆಲವೊಮ್ಮೆ 48 ಗಂಟೆ. ನಮ್ಮ ಯಜಮಾನರಿಗೆ ಬ್ಯಾಂಕಿನ ಕೆಲಸವಿದ್ದಾಗ ಮೂರು ವರ್ಷಕ್ಕೊಮ್ಮೆ ವರ್ಗ. ಒಂದು ತಿಂಗಳು ಮುಂಚೆ ಆರ್ಡರು ಬಂದರೂ ನನಗೆ ಕೈಕಾಲು ಆಡುತ್ತಿರಲಿಲ್ಲ. ಗ್ಯಾಸಿನ ಕಾಗದ, ಶಾಲೆಯ ಟಿ.ಸಿ., ಹಾಲಿನವನ ಬಾಕಿ, ಉಪ್ಪಿನಕಾಯಿ ಜಾಡಿ ಒಡೆಯದ ಹಾಗೆ ಬಟ್ಟೆ ಸುತ್ತುವುದು, ತುಳಸಿ ಗಿಡವನ್ನು ಪಕ್ಕದ ಮನೆಯವರಿಗೆ ಒಪ್ಪಿಸುವುದು. ಹೊರಡುವ ದಿನ ಮಗಳು ಗೆಳತಿಯನ್ನು ತಬ್ಬಿಕೊಂಡು ಅತ್ತದ್ದು. ಇದೆಲ್ಲವನ್ನೂ 48 ಗಂಟೆಯಲ್ಲಿ, ಅದೂ ಕಳ್ಳನ ಹೆಂಡತಿಯನ್ನು ನೋಡುವಂತೆ ಬೀದಿಯವರು ನೋಡುತ್ತಿರುವಾಗ ಮಾಡುವ ಹೆಂಗಸನ್ನು ನೆನೆಸಿಕೊಳ್ಳಿ. ಪರೀಕ್ಷೆ ಹತ್ತಿರ ಬಂದಿದ್ದರೆ ಮಕ್ಕಳ ಆ ವರ್ಷ ಹೋಯಿತು. ಗಂಡ ಗೂಢಚಾರನೋ ಅಲ್ಲವೋ ಅವಳಿಗೂ ಗೊತ್ತಿರಲಾರದು. ಪಟ್ಟಿ ಮಾಡುವಾಗ ಸಂಖ್ಯೆಗೆ ಸಂಖ್ಯೆ ಕೂಡಿಸಲು ಅವನ ಹೆಸರು ಬರೆದಿದ್ದರೂ ಬರೆದಿರಬಹುದು.

ನಮ್ಮ ಮತ್ತು ಪಾಕಿಸ್ತಾನದ ನಡುವಿನ ಲೆಕ್ಕವಂತೂ ಮುಗಿಯುವಂಥದ್ದಲ್ಲ. ಎರಡು ದೇಶಗಳೂ 1992ರಲ್ಲಿ ಪರಸ್ಪರರ ಅಧಿಕಾರಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಒಂದು ನಡತೆಯ ಕಟ್ಟಳೆ ಮಾಡಿಕೊಂಡಿದ್ದವು. ಆದರೂ 2018ರಲ್ಲಿ ಏನಾಯಿತೆಂದರೆ, ಇಸ್ಲಾಮಾಬಾದಿನಲ್ಲಿ ನಮ್ಮ ಅಧಿಕಾರಿಗಳಿಗೆ ಕಾಟ ಎಂದು ಇವರು, ದೆಹಲಿಯಲ್ಲಿ ನಮ್ಮವರಿಗೂ ಅವರ ಮಕ್ಕಳಿಗೂ ಕಾಟ ಎಂದು ಅವರು ದೂರಿದರು. ನಡುರಾತ್ರಿ ಮೂರು ಗಂಟೆಗೆ ಮನೆಯ ಕರೆಗಂಟೆ ಬಾರಿಸಿ ಹೋಗುತ್ತಾರೆ ಎಂಬುದೂ ಆ ದೂರುಗಳಲ್ಲಿತ್ತು. ನಮ್ಮ ಬೀದಿಯ ಹುಡುಗರು ಬೇಸಿಗೆ ರಜೆಯಲ್ಲಿ ಮಾಡುವ ಕೆಲಸ ಇದು. ಗಂಟೆ ಬಾರಿಸಿದ್ದು ಹುಡುಗಾಟ ಅನ್ನಿಸಬಹುದು, ಆದರೆ ಒಳಗೆ ಮಲಗಿದ್ದ ಮಗು ಬೆಚ್ಚಿ ಎದ್ದದ್ದು ಹುಡುಗಾಟವಲ್ಲ. ಅದಕ್ಕೂ ಎರಡು ವರ್ಷ ಮುಂಚೆ, 2016ರಲ್ಲಿ, ಭಾರತ ಸರ್ಕಾರ ಇಸ್ಲಾಮಾಬಾದಿನ ತನ್ನ ನೌಕರರಿಗೆ, ಮಕ್ಕಳನ್ನು ಅಲ್ಲಿಯ ಶಾಲೆಯಿಂದ ಬಿಡಿಸಿ ಎಂದು ಹೇಳಿಯಾಗಿತ್ತು. ಅಂದಮೇಲೆ ಅಲ್ಲಿಗೆ ವರ್ಗವಾದವನ ಸಂಸಾರ ಎರಡು ಊರು ಪಾಲಾದ ಹಾಗೆಯೇ.

ಈಗ ಸಂಖ್ಯೆ ನೋಡಿ. 2020ರ ಜೂನ್‌ವರೆಗೆ ಒಂದೊಂದು ಕಚೇರಿಯಲ್ಲಿ 110 ಮಂದಿ ಇರಬಹುದಿತ್ತು. ಆ ತಿಂಗಳು ಅರ್ಧಕ್ಕೆ ಇಳಿದು 55 ಆಯಿತು. 2025ರಲ್ಲಿ 30ಕ್ಕೆ ಬಂತು. ಹೈಕಮಿಷನರ್ ಅಂತೂ 2019ರ ಆಗಸ್ಟಿನಲ್ಲೇ ಹೋದರು. ಕರಾಚಿಯಲ್ಲಿದ್ದ ನಮ್ಮ ಕಾನ್ಸುಲೇಟು 1994ರ ಕೊನೆಯಲ್ಲಿ ಮುಚ್ಚಿತು. ಇದರ ಬಿಸಿ ನಮ್ಮ ಭಟ್ಕಳದವರಿಗೆ ಚೆನ್ನಾಗಿ ಗೊತ್ತು. ಅಲ್ಲಿಯ ನವಾಯತ ಮನೆತನಗಳ ನೆಂಟಸ್ತನ ಕರಾಚಿಯವರೆಗೂ ಹರಡಿದೆ. ಕರಾಚಿಗೆ ಸೇರಿದ ಮಗಳು ತೌರಿಗೆ ಬರಬೇಕೆಂದರೆ ಸಾವಿರ ಕಿಲೋಮೀಟರಿಗೂ ದೂರದ ಇಸ್ಲಾಮಾಬಾದಿನ ವೀಸಾವೇ ಗತಿಯಾಯಿತು. ಅಲ್ಲಿ ವೀಸಾ ಬರೆಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ತೌರು ಇನ್ನಷ್ಟು ದೂರವಾಗುತ್ತದೆ. ತೌರಿಗೆ ಹೋಗಲಾರದ ಹೆಣ್ಣಿನ ಸಂಕಟಕ್ಕೆ ಭಾರತ, ಪಾಕಿಸ್ತಾನ ಎಂದು ಭೇದವಿದೆಯೆ?

ಮುಚ್ಚಿದ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಸಂಸತ್ತಿನ ಮೇಲೆ 2001ರ ಡಿಸೆಂಬರ್ 13ರಂದು ದಾಳಿಯಾದಮೇಲೆ ಭಾರತ ಹೈಕಮಿಷನರನ್ನು ವಾಪಸು ಕರೆಸಿತು. ಲಾಹೋರಿನ ಬಸ್ಸು, ಸಂಝೋತಾ ರೈಲು ನಿಂತವು. 2003ರ ಫೆಬ್ರವರಿಯಲ್ಲೂ ಐದಕ್ಕೆ ಐದು ಮಂದಿಯನ್ನು ಹೊರಹಾಕುವುದು ನಡೆದೇ ಇತ್ತು. ಆಮೇಲೆ ಎರಡೂ ಕಡೆ ಮನಸ್ಸು ಮಾಡಿ, ಜುಲೈ ತಿಂಗಳಲ್ಲಿ ಬಸ್ಸು ಮತ್ತೆ ಓಡಿತು. ಆ ಬಸ್ಸಿನಲ್ಲಿ ಹೃದಯದಲ್ಲಿ ರಂಧ್ರವಿದ್ದ ಎರಡೂವರೆ ವರ್ಷದ ಒಂದು ಹೆಣ್ಣುಮಗು ತಂದೆತಾಯಿಯ ಜೊತೆ ಲಾಹೋರಿನಿಂದ ಹೊರಟು ನಮ್ಮ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂತು. ಶಸ್ತ್ರಚಿಕಿತ್ಸೆ ಆಯಿತು, ಮಗು ಬದುಕಿತು. ಆಗ ದೇಶದಲ್ಲೆಲ್ಲ ಜನ ಆ ಮಗುವಿಗಾಗಿ ಪ್ರಾರ್ಥಿಸಿದರು, ಆಟಿಕೆ ಕಳಿಸಿದರು. ನಮ್ಮ ಮಹಿಳಾ ಸಮಾಜದಲ್ಲಿ ಭಜನೆ ಮುಗಿದಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ಗಡಿಯ ಆಚೆಯ ಮಗು ಎಂದು ಯಾರೂ ಅನ್ನಲಿಲ್ಲ, ‘ಪಾಪ, ಕೂಸು’ ಎಂದರು.

ಇಪ್ಪತ್ತೆರಡು ವರ್ಷ ಕಳೆದು 2025ರ ಏಪ್ರಿಲ್ 22. ಪಹಲ್ಗಾಮಿನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ರಜೆಗೆಂದು ಹೋದ ಹೆಂಗಸರು ಕಣ್ಣೆದುರೇ ಗಂಡನನ್ನು ಕಳೆದುಕೊಂಡು ಬಂದರು. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸರ್ಕಾರ ಸುಮ್ಮನಿರಬೇಕಿತ್ತು ಎಂದು ನಾನು ಹೇಳುವುದಿಲ್ಲ. ಆ ಹೆಂಗಸರ ಮುಖ ನೋಡಿದ ಯಾರೂ ಹೇಳಲಾರರು. ಮರುದಿನ ದೆಹಲಿ ಪಾಕಿಸ್ತಾನದ ಸೇನಾ ಸಲಹೆಗಾರರನ್ನು ‘ಒಲ್ಲದವರು’ ಎಂದು ಘೋಷಿಸಿ ಒಂದು ವಾರದ ಗಡುವು ಕೊಟ್ಟಿತು, ಅಟ್ಟಾರಿಯ ಗಡಿ ಮುಚ್ಚಿತು. ಅದರ ಮರುದಿನ ಇಸ್ಲಾಮಾಬಾದ್ ಅದನ್ನೇ ತಿರುಗಿಸಿ ಮಾಡಿತು.

ನಾನು ಹೇಳುವುದು ಆ ವಾರ ಅಟ್ಟಾರಿಯ ಗೇಟಿನ ಮುಂದೆ ನಿಂತವರ ವಿಷಯ. ಅಲ್ಲಿಗೆ ಮದುವೆಯಾಗಿ ಹೋಗಿ ತೌರಿಗೆ ಬಂದಿದ್ದ ಹೆಂಗಸರಿದ್ದರು. ತಾಯಿಯ ಕೈಯಲ್ಲಿ ಭಾರತದ ಪಾಸ್‌ಪೋರ್ಟು, ಮಕ್ಕಳ ಕೈಯಲ್ಲಿ ಪಾಕಿಸ್ತಾನದ್ದು. ಮಕ್ಕಳು ಹೋಗಬಹುದು, ತಾಯಿ ಹೋಗುವಂತಿಲ್ಲ ಎಂದರು. ಹೃದಯದ ಶಸ್ತ್ರಚಿಕಿತ್ಸೆಗೆಂದು ಸಿಂಧ್ ಪ್ರಾಂತದಿಂದ ದೆಹಲಿಗೆ ಬಂದಿದ್ದ ಇಬ್ಬರು ಮಕ್ಕಳು ಅದು ಆಗದೆಯೇ ಮರಳಿದರು. ಬಂದೂಕು ಹಿಡಿದವನಿಗೂ ಆ ಮಕ್ಕಳಿಗೂ ಏನು ಸಂಬಂಧ? ಬಂದೂಕಿನವನು ವೀಸಾ ಕೇಳಿ ಬಂದವನಲ್ಲ. ಹಾಗಾಗಿ ವೀಸಾ ರದ್ದಾದರೆ ಅವನಿಗೆ ನಷ್ಟವೂ ಇಲ್ಲ. ಬಾಗಿಲು ತಟ್ಟಿ, ಹೆಸರು ಹೇಳಿ, ಕಾಗದ ತೋರಿಸಿ ಬಂದವರು ಮಾತ್ರ ಬಾಗಿಲಲ್ಲಿ ಸಿಕ್ಕಿಬೀಳುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಓರಗಿತ್ತಿಯ ಮಗಳು ಕೆನಡಾದಲ್ಲಿದ್ದಾಳೆ. 2023ರಲ್ಲಿ ಅವಳಿಗೆ ದಿನ ತುಂಬುವುದು ಮುಂದಿನ ಜನವರಿಗೆ ಎಂದು ಗೊತ್ತಾದಾಗಿನಿಂದ ನನ್ನ ಓರಗಿತ್ತಿಗೆ ನೆಲದ ಮೇಲೆ ಕಾಲಿರಲಿಲ್ಲ. ಮೊದಲ ಬಾಣಂತನ ತಾಯಿಯದೇ ಅಲ್ಲವೆ? ಸೆಪ್ಟೆಂಬರಿನಲ್ಲಿ ವೀಸಾಕ್ಕೆ ಅರ್ಜಿ ಹಾಕಿದಳು. ಅಂಟು, ಕೊಬ್ಬರಿ, ಉತ್ತುತ್ತೆ ಆಯ್ದು ಬಿಸಿಲಿಗೆ ಹಾಕಿದಳು. ಹಳೆಯ ಹತ್ತಿ ಸೀರೆ ಒಗೆದು ಒಗೆದು ಮೆದು ಮಾಡಿ ಮಗುವಿಗೆ ಬಟ್ಟೆ ಹರಿದಿಟ್ಟಳು. ಬಜೆ, ಜಾಯಿಕಾಯಿ ತೇಯುವ ಕಲ್ಲನ್ನೂ ಕಟ್ಟಿಟ್ಟುಕೊಂಡಳು. ‘ಕಲ್ಲು ಅಲ್ಲಿ ಸಿಗಲ್ವೇನೇ?’ ಎಂದರೆ, ‘ಅಲ್ಲಿಯ ಕಲ್ಲು ನಂಬೋಕಾಗಲ್ಲ ಅಕ್ಕಾ’ ಎಂದಳು.

ಅದೇ ಸೆಪ್ಟೆಂಬರ್ 18ರಂದು ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಅಲ್ಲಿಯ ಸಂಸತ್ತಿನಲ್ಲಿ ಎದ್ದು ನಿಂತು, ಜೂನಿನಲ್ಲಿ ಅಲ್ಲಿ ಕೊಲೆಯಾದ ಖಾಲಿಸ್ತಾನಿ ಮುಖಂಡನ ವಿಷಯದಲ್ಲಿ ಭಾರತದ ಮೇಲೆ ಆರೋಪ ಮಾಡಿದರು. ಭಾರತ ಅದನ್ನು ತಳ್ಳಿಹಾಕಿತು. ಅವರು ನಮ್ಮ ಒಬ್ಬ ಅಧಿಕಾರಿಯನ್ನು ಕಳಿಸಿದರು, ಮರುದಿನ ನಾವು ಅವರ ಒಬ್ಬನನ್ನು ಕಳಿಸಿದೆವು. 21ರಂದು ಭಾರತ ಕೆನಡಾದವರಿಗೆ ವೀಸಾ ನಿಲ್ಲಿಸಿತು. ನಿಮ್ಮವರು ಇಲ್ಲಿ ಹೆಚ್ಚು, ನಮ್ಮವರು ಅಲ್ಲಿ ಕಡಿಮೆ, ಸಮ ಮಾಡಿ ಎಂದಿತು. ಅಕ್ಟೋಬರಿನಲ್ಲಿ ಕೆನಡಾ ತನ್ನ 62 ರಾಜತಂತ್ರಜ್ಞರಲ್ಲಿ 41 ಮಂದಿಯನ್ನು ವಾಪಸು ಕರೆಸಿಕೊಂಡಿತು. ಅವರ ಜೊತೆ ಮನೆಮಂದಿ 42. ಇಲ್ಲಿ ವೀಸಾ ಕೆಲಸ ನೋಡುತ್ತಿದ್ದ ಅವರ 27 ಮಂದಿಯಲ್ಲಿ ಐವರು ಉಳಿದರು. ಬೆಂಗಳೂರು, ಮುಂಬಯಿ, ಚಂಡೀಗಢದ ಕಾನ್ಸುಲೇಟುಗಳಲ್ಲಿ ಜನ ಖುದ್ದಾಗಿ ಹೋಗಿ ಮಾಡಿಸಿಕೊಳ್ಳುವ ಕೆಲಸ ನಿಂತಿತು. ಈ ಅಂಕಿಯನ್ನೆಲ್ಲ ನನಗೆ ಓದಿ ಹೇಳಿದವಳು ನನ್ನ ಓರಗಿತ್ತಿಯೇ. ಅಲ್ಲಿಯವರೆಗೆ ಪೇಪರಿನಲ್ಲಿ ದಿನಭವಿಷ್ಯ ಬಿಟ್ಟು ಬೇರೇನೂ ಓದದವಳು!

ನವೆಂಬರಾಯಿತು, ಡಿಸೆಂಬರಾಯಿತು. ಹಾಲಿನವನಿಂದ ಹಿಡಿದು ಹೂವಿನವಳವರೆಗೆ ಎಲ್ಲರೂ ‘ವೀಸಾ ಬಂತೇನಮ್ಮಾ?’ ಎಂದು ಕೇಳುವವರೇ. ಕಡತ ಎಲ್ಲಿ ಕೂತಿದೆ, ಯಾವ ಕಾರಣಕ್ಕೆ ಕೂತಿದೆ ಎಂದು ಯಾರೂ ಹೇಳಲಿಲ್ಲ. ಜನವರಿಯ ಒಂದು ರಾತ್ರಿ ಫೋನು ಬಂತು. ಹೆಣ್ಣುಮಗು, ತಾಯಿ ಮಗು ಕ್ಷೇಮ. ಹೊರಗೆ ಹಿಮ. ಮನೆಯಲ್ಲಿ ಅಳಿಯ ಒಬ್ಬನೇ. ನನ್ನ ಓರಗಿತ್ತಿ ಇಲ್ಲಿ ಕೂತು ಫೋನಿನಲ್ಲಿ ಮುಖ ನೋಡಿಕೊಂಡು ಬಾಣಂತನ ಶುರುಮಾಡಿದಳು. ‘ಮೆಣಸು ಇನ್ನೂ ಒಂದಿಷ್ಟು ಹಾಕಿ, ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗೆ ಹುರೀರಿ, ಮಗೂಗೆ ಎಣ್ಣೆ ಹಚ್ಚುವಾಗ ನೆತ್ತಿ ಒತ್ತಬೇಡಿ.’ ಅಳಿಯ ಒಳ್ಳೆಯ ಹುಡುಗ, ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡ. ಆದರೆ ರಾತ್ರಿ ಹಾಲು ಕಟ್ಟಿ ಜ್ವರ ಬಂದು ಮಗಳು ಅತ್ತಾಗ ಫೋನಿನ ಒಳಗಿಂದ ಕೈ ಚಾಚಿ ಹಣೆ ಮುಟ್ಟಲು ಆಗುತ್ತದೆಯೆ?

ಒಂದು ದಿನ ಅಂಟಿನುಂಡೆಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿಬಿಟ್ಟಳು. ‘ಕೆಟ್ಟುಹೋಗತ್ತೆ, ತಿನ್ನಿ’ ಎಂದಳು. ಆಮೇಲೆ ನನ್ನ ಪಕ್ಕದಲ್ಲಿ ಕೂತು ಕೇಳಿದಳು: ‘ಅಕ್ಕಾ, ಅವರು ಒಬ್ಬರನ್ನ ಕಳಿಸಿದ್ರು, ಇವರು ಒಬ್ಬರನ್ನ ಕಳಿಸಿದ್ರು, ಸರಿಹೋಯ್ತು. ನನ್ನ ಮಗಳ ಬಾಣಂತನಾನ ಯಾವ ಲೆಕ್ಕಕ್ಕೆ ಬರ್ಕೊಂಡ್ರು?’ ನನಗೆ ಉತ್ತರ ಹೊಳೆಯಲಿಲ್ಲ. ವೀಸಾ ಬಂದದ್ದು ಏಪ್ರಿಲಿನಲ್ಲಿ. ಅವಳು ಹೋಗಿ ಇಳಿದಾಗ ಮಗು ಹೊಸಬರ ಮುಖ ಕಂಡು ಅಳುವಷ್ಟು ದೊಡ್ಡದಾಗಿತ್ತು. ಅಜ್ಜಿಯೇ ಹೊಸಬಳು.

ಜಗಳ ಅಲ್ಲಿಗೂ ನಿಲ್ಲಲಿಲ್ಲ. 2024ರ ಅಕ್ಟೋಬರ್ 14ರಂದು ಅವರು ಆರು, ನಾವು ಆರು. ಆಮೇಲೆ ಅಲ್ಲಿ ಪ್ರಧಾನಿ ಬದಲಾದರು. 2025ರ ಜೂನಿನಲ್ಲಿ ಮಾರ್ಕ್ ಕಾರ್ನಿ ಮತ್ತು ನರೇಂದ್ರ ಮೋದಿ ಭೇಟಿಯಾಗಿ ಮತ್ತೆ ಹೈಕಮಿಷನರುಗಳನ್ನು ಕಳಿಸೋಣ ಎಂದು ಒಪ್ಪಿದರು. ಆಗಸ್ಟಿನಲ್ಲಿ ಹೆಸರುಗಳೂ ಪ್ರಕಟವಾದವು. ದೇಶಗಳ ಮುನಿಸು ಹೀಗೆ ಒಂದು ದಿನ ಮುಗಿಯುತ್ತದೆ. ಆದರೆ ಹೋದ ಬಾಣಂತನ ಹೋಯಿತು. ಮಗುವಿನ ಮೊದಲ ನೂರು ದಿನವನ್ನು ಯಾವ ಹೈಕಮಿಷನರೂ ವಾಪಸು ತಂದುಕೊಡಲಾರರು.

ಮುಯ್ಯಿ ತೀರಿಸದೇ ಬಿಟ್ಟವರು ಯಾರೂ ಇಲ್ಲವೆ ಎಂದು ನೀವು ಕೇಳಬಹುದು. ಒಮ್ಮೆ ಒಬ್ಬರು ಬಿಟ್ಟಿದ್ದರು. 2016ರ ಡಿಸೆಂಬರಿನಲ್ಲಿ ಒಬಾಮ ಸರ್ಕಾರ 35 ಮಂದಿ ರಷ್ಯನ್ನರನ್ನು 72 ಗಂಟೆಯಲ್ಲಿ ಹೊರಡಿ ಎಂದಿತು. ಎಲ್ಲರೂ 35ಕ್ಕೆ 35 ಎಂದು ಕಾಯುತ್ತಿದ್ದರೆ ಪುಟಿನ್, ನಾವು ಯಾರನ್ನೂ ಕಳಿಸುವುದಿಲ್ಲ ಎಂದುಬಿಟ್ಟರು. ಮೇಲಾಗಿ ಮಾಸ್ಕೋದಲ್ಲಿದ್ದ ಅಮೆರಿಕನ್ ಅಧಿಕಾರಿಗಳ ಮಕ್ಕಳನ್ನೆಲ್ಲ ಕ್ರೆಮ್ಲಿನ್ನಿನ ಹೊಸ ವರ್ಷದ ಹಬ್ಬಕ್ಕೆ ಕರೆದರು. ಓದಿ ನನಗೂ ಸಂತೋಷವಾಗಿತ್ತು. ಆದರೆ ಅದು ಕ್ಷಮೆಯಾಗಿರಲಿಲ್ಲ, ಬರಲಿರುವ ಹೊಸ ಅಧ್ಯಕ್ಷರಿಗಾಗಿ ಕಾಯುವ ಜಾಣತನವಾಗಿತ್ತು. ಏಳು ತಿಂಗಳಲ್ಲೇ ಆ 755ರ ಆಜ್ಞೆ ಬಂತು, ಬಡ್ಡಿ ಚಕ್ರಬಡ್ಡಿ ಸಮೇತ. ನೋಟುಬುಕ್ಕನ್ನು ಹರಿದಿರಲಿಲ್ಲ, ಮುಚ್ಚಿಟ್ಟಿದ್ದರು ಅಷ್ಟೆ.

ಹಾಗಾದರೆ ಸಿಟ್ಟು ಬಂದಾಗ ದೇಶ ಏನು ಮಾಡಬೇಕು? ನಾನು ರಾಜನೀತಿ ಬಲ್ಲವಳಲ್ಲ. ಆದರೆ ಮಾತು ಬಿಟ್ಟ ಮನೆಗಳನ್ನು ಬಲ್ಲೆ. ನಮ್ಮ ಹಳ್ಳಿಯ ಕಡೆ ದಾಯಾದಿಗಳ ನಡುವೆ ಗೋಡೆ ಎದ್ದರೂ, ಗಂಡಸರು ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಹೋದರೂ, ಹಿತ್ತಲ ಬಾಗಿಲು ಒಂದಿರುತ್ತಿತ್ತು. ಮುಂಬಾಗಿಲಲ್ಲಿ ಆಗದ ಮಾತು ಅಲ್ಲಿ ಆಗುತ್ತಿತ್ತು. ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ, ಮಗುವಿಗೆ ಒಂದು ಬಿಳಿಯ ಮಾತ್ರೆ, ‘ಅತ್ತೆಗೆ ಹುಷಾರಿಲ್ವಂತೆ, ಹೇಗಿದ್ದಾರೆ?’ ಎಂಬ ಒಂದು ಪ್ರಶ್ನೆ ಆ ಬಾಗಿಲಿನಿಂದ ಓಡಾಡುತ್ತಿದ್ದವು. ಆ ಬಾಗಿಲು ಇದ್ದದ್ದು ಗಂಡಸರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುತ್ತಿದ್ದರು. ವರ್ಷಗಳ ಮೇಲೆ ರಾಜಿಯಾಗುವಾಗ ದಾರಿ ತೋರಿಸಿದ್ದೂ ಆ ಬಾಗಿಲೇ. ದೇಶದೇಶಗಳ ನಡುವೆ ಆ ಕೆಲಸ ಮಾಡುವವರು ಈ ರಾಯಭಾರ ಕಚೇರಿಯ ಸಣ್ಣ ಅಧಿಕಾರಿಗಳೇ. ಆಚೆಯವರ ಭಾಷೆ ಬಲ್ಲವರು, ಅವರ ಹಬ್ಬ ಬಲ್ಲವರು, ಯಾವ ಮಾತು ಬರೀ ಗುಡುಗು, ಯಾವುದು ನಿಜವಾದ ಮಳೆ ಎಂದು ಬಲ್ಲವರು. ಅವರನ್ನೇ ಎಣಿಸಿ ಎಣಿಸಿ ಕಳಿಸಿಬಿಟ್ಟರೆ, ನಾಳೆ ತಪ್ಪು ತಿಳಿವಳಿಕೆಯಾದಾಗ ‘ಸ್ವಲ್ಪ ತಾಳಿ’ ಎನ್ನಲು ಅಲ್ಲಿ ಯಾರಿರುತ್ತಾರೆ?

ಸಮಾಧಾನದ ಸಂಗತಿಯೆಂದರೆ ಭಾರತ ಪಾಕಿಸ್ತಾನಗಳ ನಡುವೆಯೂ ಅಂಥ ಹಿತ್ತಲ ಬಾಗಿಲು ಒಂದು ಉಳಿದಿದೆ. 1992ರಿಂದ ಪ್ರತಿ ಜನವರಿ 1ರಂದು ಎರಡು ದೇಶಗಳೂ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತ ಬಂದಿವೆ, ಇವುಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಮಾತಿನ ಗುರುತಾಗಿ. 2008ರಲ್ಲಿ ಆದ ಒಪ್ಪಂದದಂತೆ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ಪರಸ್ಪರರ ಸೆರೆಯಲ್ಲಿರುವವರ ಪಟ್ಟಿಯನ್ನೂ ಕೊಟ್ಟುಕೊಳ್ಳುತ್ತವೆ. 2025ರ ಮೇ ತಿಂಗಳಲ್ಲಿ ಕ್ಷಿಪಣಿಗಳು ಹಾರಾಡಿದವು. ಅದೇ ತಿಂಗಳಲ್ಲಿ ಮತ್ತೆ ಒಬ್ಬರಿಗೆ ಒಬ್ಬರಂತೆ ಎರಡು ಸಲ ಅಧಿಕಾರಿಗಳ ಉಚ್ಚಾಟನೆಯೂ ಆಯಿತು. ಆದರೂ ಜುಲೈ 1 ಬಂದಾಗ ಪಟ್ಟಿಗಳು ಕೈ ಬದಲಾಯಿಸಿದವು. ಭಾರತ ತನ್ನಲ್ಲಿರುವ 382 ನಾಗರಿಕ ಕೈದಿಗಳು ಮತ್ತು 81 ಮೀನುಗಾರರ ಹೆಸರು ಕೊಟ್ಟಿತು. ಪಾಕಿಸ್ತಾನ 53 ನಾಗರಿಕ ಕೈದಿಗಳು ಮತ್ತು 193 ಮೀನುಗಾರರ ಹೆಸರು ಕೊಟ್ಟಿತು.

ಈ ಅಂಕಿಗಳನ್ನು ನೋಡಿ. ಒಂದಕ್ಕೊಂದು ಸಮವಿಲ್ಲ. ಸಮ ಮಾಡಬೇಕೆಂದು ಯಾರೂ ಹಟ ಹಿಡಿಯಲೂ ಇಲ್ಲ. ಇದ್ದವರ ಹೆಸರನ್ನು ಇದ್ದಂತೆ ಬರೆದುಕೊಟ್ಟರು. ಸಮುದ್ರಕ್ಕೆ ಹೋಗಿ ನೀರಿನ ಮೇಲಿನ ಕಾಣದ ಗೆರೆ ದಾಟಿ ಸಿಕ್ಕಿಬಿದ್ದ ಆ ಮೀನುಗಾರರ ಮನೆಗಳಲ್ಲಿ ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಕುಂಕುಮ ಇಟ್ಟುಕೊಳ್ಳುವ ಹೆಂಗಸರಿದ್ದಾರೆ. ಬಂಧಮುಕ್ತಿ ಯಾವಾಗಲೋ, ಆದರೆ ಪಟ್ಟಿಯಲ್ಲಿ ಹೆಸರಿದೆ ಎಂದು ತಿಳಿದ ದಿನ ಅವಳು ಒಂದು ತುತ್ತು ಹೆಚ್ಚು ಉಣ್ಣುತ್ತಾಳೆ. ಆ ಪಟ್ಟಿಯನ್ನು ಒಯ್ದು ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ, ಆ ಕಡೆ ಈ ಕಡೆ ಒಬ್ಬೊಬ್ಬರಾದರೂ ಇರಲಿ.